ಚಿಕಾಗೋ ಪೊಲೀಸರ ಕೊಲೆ ಲೆಕ್ಕ

(ಕಾರ್ಯಕರ್ತರ ಅಧ್ಯಯನ ಶಿಬಿರದಲ್ಲಿ ಆಡಿದ ಮಾತುಗಳ ಬರಹ ರೂಪ)



ಇವತ್ತು ಅಮೆರಿಕದ ಚಿಕಾಗೋ ನಗರದ ಪೊಲೀಸರ ಬಗ್ಗೆ ಮಾತಾಡ್ತೀನಿ. ನಮ್ಮ ಕೇರಿಗೂ ಆ ಊರಿಗೂ ಎಲ್ಲಿಂದೆಲ್ಲಿಯ ಸಂಬಂಧ ಅಂತ ನೀವು ಕೇಳಬಹುದು. 1972ರಲ್ಲಿ ಬೊಂಬಾಯಿಯಲ್ಲಿ ಹುಟ್ಟಿದ ದಲಿತ ಪ್ಯಾಂಥರ್ಸ್ ಹೆಸರು ತಗೊಂಡಿದ್ದು ಅಮೆರಿಕದ ಕಪ್ಪು ಜನರ ಬ್ಲ್ಯಾಕ್ ಪ್ಯಾಂಥರ್ ಪಕ್ಷದಿಂದ. ಆ ಪಕ್ಷದ ಚಿಕಾಗೋ ನಾಯಕ ಫ್ರೆಡ್ ಹ್ಯಾಂಪ್ಟನ್‌ನನ್ನು 1969ರ ಡಿಸೆಂಬರ್ 4ರ ನಸುಕಿನಲ್ಲಿ ಪೊಲೀಸರು ಮನೆಗೆ ನುಗ್ಗಿ ಗುಂಡಿಟ್ಟು ಕೊಂದರು. ಅವನಿಗಾಗ 21 ವರ್ಷ. ಕೊಂದವರು ಯಾರು ಅಂತ ಊರಿಗೆಲ್ಲ ಗೊತ್ತಿತ್ತು. ಒಬ್ಬನಿಗೂ ಶಿಕ್ಷೆ ಆಗಲಿಲ್ಲ.

ಅಲ್ಲಿ ಪೊಲೀಸರ ಯೋಗ್ಯತೆ ಅಳೆಯೋಕೆ ಒಂದು ಸೇರು ಇದೆ. ನೂರು ಕೊಲೆ ಆದರೆ ಎಷ್ಟು ಪತ್ತೆ ಮಾಡಿದಿರಿ? ಆರೋಪಿಯನ್ನು ಹಿಡಿದು, ಆರೋಪ ಹೊರಿಸಿ, ಕೋರ್ಟಿಗೆ ಒಪ್ಪಿಸಿದರೆ ಆ ಕೊಲೆ ಪತ್ತೆಯಾದಂತೆ. ಮುಂದೆ ಕೋರ್ಟು ಅವನನ್ನು ಬಿಟ್ಟರೂ ಲೆಕ್ಕ ಬದಲಾಗೋದಿಲ್ಲ. ಕೊಂದವನು ಸತ್ತಿದ್ದರೆ, ಅಥವಾ ಸರ್ಕಾರಿ ವಕೀಲರು ಕೇಸು ನಡೆಸೋಕೆ ಒಪ್ಪದಿದ್ದರೆ, ಯಾರನ್ನೂ ಹಿಡಿಯದೆಯೇ 'ವಿಶೇಷ ಕಾರಣ' ಅಂತ ಬರೆದು ಫೈಲು ಮುಚ್ಚಬಹುದು. ಅದೂ ಪತ್ತೆಯೇ! ಇನ್ನೊಂದು ಚಮತ್ಕಾರ: ಐದು ವರ್ಷದ ಹಿಂದಿನ ಕೊಲೆ ಈ ವರ್ಷ ಪತ್ತೆಯಾದರೆ ಈ ವರ್ಷದ ಖಾತೆಗೇ ಜಮಾ. ಶಾನುಭೋಗರ ಲೆಕ್ಕ ಕಂಡ ನಮಗೆ ಇದು ತಿಳಿಯದ ವಿದ್ಯೆಯೇನಲ್ಲ.

2016ರಲ್ಲಿ ಚಿಕಾಗೋದಲ್ಲಿ 760ಕ್ಕೂ ಹೆಚ್ಚು ಕೊಲೆಗಳಾದವು. ಪತ್ತೆಯಾದದ್ದು ನೂರಕ್ಕೆ 26ರ ಆಸುಪಾಸು. 2021ರಲ್ಲಿ 800ರ ಹತ್ತಿರ ಕೊಲೆ. 400 ಪತ್ತೆ ಮಾಡಿದ್ದೇವೆ ಅಂತ ಇಲಾಖೆ ಎದೆ ಉಬ್ಬಿಸಿತು. ಆ 400ರಲ್ಲಿ ಸುಮಾರು ಅರ್ಧ ಈ ವಿಶೇಷ ಕಾರಣದವು. ಯಾರ ಮೇಲೂ ಆರೋಪವಿಲ್ಲ.

ಆದರೆ ನಾವು ನೋಡಬೇಕಾದ ಅಂಕಿ ಬೇರೆ. 2018ರ ಮೊದಲಿಂದ 2019ರ ನಡುವಿನ ತನಕ ಆದ ಕೊಲೆಗಳನ್ನು ಅಲ್ಲಿನ ರೇಡಿಯೋ ಕೇಂದ್ರವೊಂದು ಸತ್ತವರ ಬಣ್ಣ ಹಿಡಿದು ವಿಂಗಡಿಸಿತು. ಸತ್ತವನು ಬಿಳಿಯನಾದರೆ ನೂರಕ್ಕೆ 47 ಪತ್ತೆ. ಲ್ಯಾಟಿನೋ ಆದರೆ 33. ಕಪ್ಪು ಮನುಷ್ಯನಾದರೆ 22. ಒಂದೇ ಊರು, ಒಂದೇ ಇಲಾಖೆ, ಒಂದೇ ಕಾನೂನು. ಹೆಣಕ್ಕೂ ಜಾತಿ ಇದೆ ಅನ್ನೋದನ್ನ ಇದಕ್ಕಿಂತ ಚೆನ್ನಾಗಿ ಯಾರು ಹೇಳಬಲ್ಲರು?

ಏನ್ರಪ್ಪಾ ಹೀಗೆ ಅಂತ ಕೇಳಿದರೆ ಪೊಲೀಸರ ಉತ್ತರ ಸಿದ್ಧ: ಆ ಜನ ಸಾಕ್ಷಿ ಹೇಳೋದಿಲ್ಲ. ಯಾಕೆ ಹೇಳೋದಿಲ್ಲ? 2014ರ ಅಕ್ಟೋಬರ್ 20ರಂದು ಲಾಕ್ವಾನ್ ಮೆಕ್‌ಡೊನಾಲ್ಡ್ ಅನ್ನೋ 17 ವರ್ಷದ ಕಪ್ಪು ಹುಡುಗನಿಗೆ ಒಬ್ಬ ಪೊಲೀಸಿನವ 16 ಗುಂಡು ಹೊಡೆದ. ಹುಡುಗ ಚಾಕು ಹಿಡಿದು ಮೇಲೆ ಬಿದ್ದ ಅಂತ ಅಲ್ಲಿದ್ದ ಪೊಲೀಸರು ಬರೆದುಕೊಟ್ಟರು. ಪೊಲೀಸ್ ಕಾರಿನಲ್ಲೇ ಇದ್ದ ಕ್ಯಾಮೆರಾದಲ್ಲಿ ಹುಡುಗ ದೂರ ಸರಿದು ನಡೆಯುತ್ತಿದ್ದದ್ದು ಕಾಣ್ತಿತ್ತು. ಆ ಚಿತ್ರ ಜನಕ್ಕೆ ಸಿಕ್ಕಿದ್ದು 13 ತಿಂಗಳ ಮೇಲೆ, ಕೋರ್ಟು ಹೇಳಿದ ನಂತರ. ಗುಂಡು ಹೊಡೆದವನಿಗೆ 2018ರಲ್ಲಿ ಅಪರಾಧ ಸಾಬೀತಾಯಿತು. ಸುಳ್ಳು ಬರೆದರು ಅಂತ ಮೊಕದ್ದಮೆ ಎದುರಿಸಿದ ಮೂವರು 2019ರಲ್ಲಿ ಬಿಡುಗಡೆಯಾದರು. ಇಂಥ ಠಾಣೆಯ ಮೆಟ್ಟಿಲು ಹತ್ತಿ, 'ನನ್ನ ಮಗನನ್ನು ಕೊಂದವನನ್ನ ನಾನು ಕಂಡೆ ಸ್ವಾಮಿ' ಅಂತ ಯಾವ ತಾಯಿ ಹೇಳ್ತಾಳೆ? ಹೇಳಿದ ಮೇಲೆ ಆಕೆ ಅದೇ ಬೀದಿಯಲ್ಲೇ ಬಾಳಬೇಕಲ್ಲ.

ಹಾಗಂತ ಪತ್ತೆ ಹೆಚ್ಚಿಸಿ, ಹೆಚ್ಚಿಸಿ ಅಂತ ಕೂಗಿದರೆ ಆಯಿತೆ? ಇಲ್ಲಿ ಸ್ವಲ್ಪ ನಿಲ್ಲಬೇಕು. ಅದೇ ಊರಿನಲ್ಲಿ ಜಾನ್ ಬರ್ಜ್ ಅನ್ನೋ ಅಧಿಕಾರಿ ಇದ್ದ. 1972ರಿಂದ 1991ರ ತನಕ ಅವನು ಮತ್ತು ಅವನ ಕೈಕೆಳಗಿನವರು ನೂರಕ್ಕೂ ಹೆಚ್ಚು ಜನರಿಗೆ ಚಿತ್ರಹಿಂಸೆ ಕೊಟ್ಟರು. ಬಹುಪಾಲು ಎಲ್ಲರೂ ಕಪ್ಪು ಗಂಡಸರು. ಕರೆಂಟು ಕೊಡೋದು, ತಲೆಗೆ ಪ್ಲಾಸ್ಟಿಕ್ ಚೀಲ ಹಾಕಿ ಉಸಿರು ಕಟ್ಟಿಸೋದು. ಸಹಿ ಬಿತ್ತು, ತಪ್ಪೊಪ್ಪಿಗೆ ಬಂತು, ಕೊಲೆ 'ಪತ್ತೆ'ಯಾಯಿತು. ಹೀಗೆ ಗಲ್ಲಿನ ಕೋಣೆ ಸೇರಿದ್ದ ನಾಲ್ವರನ್ನು 2003ರಲ್ಲಿ ರಾಜ್ಯಪಾಲ ಜಾರ್ಜ್ ರಯಾನ್ ನಿರ್ದೋಷಿಗಳೆಂದು ಬಿಡಿಸಿದ. ಬರ್ಜ್‌ಗೆ ಚಿತ್ರಹಿಂಸೆಗಾಗಿ ಶಿಕ್ಷೆ ಆಗಲೇ ಇಲ್ಲ, ಅವಧಿ ಮೀರಿತ್ತು. 2010ರಲ್ಲಿ ಅವನ ಮೇಲೆ ಸಾಬೀತಾದದ್ದು ಪ್ರಮಾಣ ಮಾಡಿ ಸುಳ್ಳು ಹೇಳಿದ್ದು, ನ್ಯಾಯಕ್ಕೆ ಅಡ್ಡಿ ಮಾಡಿದ್ದು. ಅಂದರೆ, ಕಪ್ಪು ಮನುಷ್ಯ ಸತ್ತರೆ ಪತ್ತೆಯಿಲ್ಲ. ಪತ್ತೆ ಬೇಕಾದಾಗ ಸಿಗೋನೂ ಕಪ್ಪು ಮನುಷ್ಯನೇ.

ಈಗ ಕುರ್ಚಿಯ ವಿಷಯ. ನಮ್ಮವನೊಬ್ಬ ಎಸ್‌ಪಿ ಆಗಿ ಬಂದರೆ ಸಾಕು ಅಂತ ನಮ್ಮಲ್ಲಿ ಅನೇಕರು ಅಂದುಕೊಂಡಿದ್ದಾರೆ. ಚಿಕಾಗೋದ ಮೊದಲ ಕಪ್ಪು ಮೇಯರ್ ಹೆರಾಲ್ಡ್ ವಾಷಿಂಗ್ಟನ್ 1983ರಲ್ಲಿ ಫ್ರೆಡ್ ರೈಸ್ ಅನ್ನೋ ಕಪ್ಪು ಅಧಿಕಾರಿಯನ್ನೇ ಪೊಲೀಸ್ ಮುಖ್ಯಸ್ಥನನ್ನಾಗಿ ಮಾಡಿದ. 1987ರಲ್ಲಿ ಬಂದ ಲೀರಾಯ್ ಮಾರ್ಟಿನ್ ಕೂಡ ಕಪ್ಪು ಮನುಷ್ಯ, ಹಿಂದೆ ಬರ್ಜ್‌ಗೆ ನೇರ ಮೇಲಧಿಕಾರಿಯಾಗಿದ್ದವನು. ಇವರಿಬ್ಬರ ಕಾಲದಲ್ಲೂ ಆ ಕೋಣೆಯೊಳಗಿನ ಹಿಂಸೆ ನಡೆದೇ ಇತ್ತು. ಬರ್ಜ್ ಅಮಾನತಾದದ್ದು ಮಾರ್ಟಿನ್ ಕಾಲದಲ್ಲೇ, 1991ರಲ್ಲಿ, ಅದನ್ನೂ ಹೇಳಬೇಕು. ಆದರೆ ಅದು ವಕೀಲರು, ಬೀದಿಗಿಳಿದ ಜನ ವರ್ಷಗಟ್ಟಲೆ ಒತ್ತಿದ ಮೇಲೆ. ಮುಂದೆ ಗ್ಯಾರಿ ಮೆಕಾರ್ಥಿಯನ್ನು 2015ರಲ್ಲಿ ತೆಗೆದರು, ಎಡ್ಡಿ ಜಾನ್ಸನ್‌ನನ್ನು 2019ರಲ್ಲಿ ತೆಗೆದರು, ಡೇವಿಡ್ ಬ್ರೌನ್ 2023ರಲ್ಲಿ ತಾನೇ ಬಿಟ್ಟುಹೋದ. ಕುರ್ಚಿಯ ಮೇಲಿನ ಟವಲು ಬದಲಾಗ್ತಾ ಹೋಯಿತು.

ಮುಖ್ಯಸ್ಥನಿಂದ ಏನೂ ಆಗೋದಿಲ್ಲ ಅಂತ ನಾನು ಹೇಳ್ತಿಲ್ಲ. 2019ರಲ್ಲಿ ಹೊರಗಿನ ಸಂಸ್ಥೆಯೊಂದು ತನಿಖೆ ಮಾಡಿ ಹೇಳಿತು: ಕೊಲೆ ತನಿಖೆಗೆ ಸಾಕಷ್ಟು ಪತ್ತೇದಾರರಿಲ್ಲ, ಅದಕ್ಕೇ ಮೀಸಲಾದ ತಂಡಗಳು ಬೇಕು. ಜನರನ್ನು ಎಲ್ಲಿ ಹಾಕಬೇಕು, ದುಡ್ಡು ಎಲ್ಲಿ ಸುರಿಯಬೇಕು ಅನ್ನೋದು ಮೇಲಿನವನ ಕೈಯಲ್ಲೇ ಇದೆ. 2024ರಲ್ಲಿ ಪತ್ತೆ ಅರ್ಧ ದಾಟಿದೆ. ಒಳ್ಳೇದು. ಆದರೆ ಯಾರ ಕೊಲೆ, ಆರೋಪ ಹೊರಿಸಿದ್ದೋ ಫೈಲು ಮುಚ್ಚಿದ್ದೋ ಅಂತ ಬಿಡಿಸಿ ಕೇಳೋ ಕೆಲಸ ಉಳಿದೇ ಇದೆ.

ನಮ್ಮ ಕಡೆಗೆ ಬನ್ನಿ. 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ನಮ್ಮ ಏಳು ಜನರನ್ನು ಮನೆಯೊಳಗೇ ಸುಟ್ಟರು. ಆರೋಪಿಗಳನ್ನು ಹಿಡಿದರು, ಚಾರ್ಜ್‌ಶೀಟು ಹಾಕಿದರು. ಚಿಕಾಗೋ ಲೆಕ್ಕದಲ್ಲಿ ಅದು ಪತ್ತೆಯಾದ ಕೊಲೆ. ಸಾಕ್ಷಿಗಳು ಒಬ್ಬೊಬ್ಬರಾಗಿ ತಿರುಗಿಬಿದ್ದರು. 2006ರಲ್ಲಿ ಕೋಲಾರದ ಕೋರ್ಟು ಎಲ್ಲರನ್ನೂ ಬಿಟ್ಟಿತು. 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಏಳು ಜನ ಸುಟ್ಟುಹೋದದ್ದು ನಿಜ, ಸುಟ್ಟವರು ಮಾತ್ರ ಯಾರೂ ಇಲ್ಲ. ದೇಶದ ಅಪರಾಧ ದಾಖಲೆ ಕಚೇರಿಯ 2022ರ ವರದಿಯಲ್ಲಿ ಕೊಲೆ ಕೇಸುಗಳ ಚಾರ್ಜ್‌ಶೀಟು ನೂರಕ್ಕೆ 80 ದಾಟಿದೆ. ವಿಚಾರಣೆ ಮುಗಿದ ಕೇಸುಗಳಲ್ಲಿ ಶಿಕ್ಷೆ ಅರ್ಧಕ್ಕೂ ಮುಟ್ಟಿಲ್ಲ. ಸಾಹೇಬರು ಸಭೆಯಲ್ಲಿ ಓದೋದು ಮೊದಲನೇ ಅಂಕಿ.

ದೌರ್ಜನ್ಯ ತಡೆ ಕಾಯ್ದೆಯ ನಿಯಮದಂತೆ ಜಿಲ್ಲಾಧಿಕಾರಿಗಳ ಜಾಗೃತಿ ಸಮಿತಿ ಮೂರು ತಿಂಗಳಿಗೊಮ್ಮೆ ಕೂಡಲೇಬೇಕು. ಕೇಸನ್ನು ಡಿವೈಎಸ್‌ಪಿಗಿಂತ ಕೆಳಗಿನವರು ತನಿಖೆ ಮಾಡುವಂತಿಲ್ಲ. 60 ದಿನದೊಳಗೆ ಚಾರ್ಜ್‌ಶೀಟು ಹೋಗಬೇಕು. ಜಾಮೀನಿನ ವಿಚಾರಣೆಯ ದಿನವನ್ನೂ ನೊಂದ ಮನೆಯವರಿಗೆ ತಿಳಿಸಬೇಕು. ಮುಂದಿನ ಸಭೆಗೆ ಹೋಗೋ ಗೆಳೆಯರು ನೂರಕ್ಕೆ ಎಷ್ಟು ಅಂತ ಕೇಳೋದು ಬೇಡ. ಸತ್ತವರ ಹೆಸರು ಬರೆದುಕೊಂಡು ಹೋಗಿ, ಒಂದೊಂದೇ ಓದಿ. ತನಿಖೆ ಮಾಡಿದ ಅಧಿಕಾರಿ ಯಾರು, ಎಷ್ಟನೇ ದಿನಕ್ಕೆ ಚಾರ್ಜ್‌ಶೀಟು ಹೋಯಿತು, ಸಾಕ್ಷಿ ಹೇಳಬೇಕಾದವರು ಈಗ ಊರಲ್ಲಿದ್ದಾರೋ ಊರು ಬಿಟ್ಟರೋ, ಆರೋಪಿ ಅವರ ಮನೆ ಮುಂದೆ ಓಡಾಡ್ತಿದ್ದಾನೋ. ಉತ್ತರವನ್ನ ನಡಾವಳಿ ಪುಸ್ತಕದಲ್ಲಿ ಬರೆಸಿ, ನಕಲು ತಗೊಂಡು ಬನ್ನಿ.

ಜೈಭೀಮ್.