ಓಡಿಹೋಗಬಾರದಿತ್ತೆ?

ಪ್ರಶ್ನೆ ಕೇಳಿದವನು ಇಟಲಿಯ ಐದನೆಯ ತರಗತಿಯ ಒಬ್ಬ ಬಾಲಕ. ಉತ್ತರಿಸಬೇಕಾದವರು ಲೇಖಕ ಪ್ರೀಮೊ ಲೆವಿ. ಟ್ಯೂರಿನ್ ನಗರದ ಈ ರಸಾಯನಶಾಸ್ತ್ರಜ್ಞರು 1943ರ ಡಿಸೆಂಬರಿನಲ್ಲಿ ಫ್ಯಾಸಿಸ್ಟರ ಕೈಗೆ ಸಿಕ್ಕಿದರು. ಯೆಹೂದ್ಯರೆಂಬ ಕಾರಣಕ್ಕೆ ಮರುವರ್ಷದ ಫೆಬ್ರವರಿಯಲ್ಲಿ ಆಶ್‌ವಿಟ್ಸ್ ಶಿಬಿರಕ್ಕೆ ಸಾಗಿಸಲ್ಪಟ್ಟರು. ಅವರಿದ್ದ ರೈಲುಡಬ್ಬಿಯ 45 ಮಂದಿಯಲ್ಲಿ ಮನೆಗೆ ಮರಳಿದವರು ನಾಲ್ವರು. ಬದುಕಿ ಬಂದ ಲೆವಿ 1947ರಲ್ಲಿ ತಮ್ಮ ಅನುಭವವನ್ನು ಗ್ರಂಥರೂಪದಲ್ಲಿ ಪ್ರಕಟಿಸಿದರು. ಮುಂದೆ ಶಾಲೆಗಳಿಗೆ ಹೋಗಿ ಮಕ್ಕಳೊಡನೆ ಮಾತನಾಡಿದರು.

ಬಾಲಕ ಅವರಿಂದ ಶಿಬಿರದ ನಕ್ಷೆ ಬರೆಸಿಕೊಂಡ. ಕಾವಲುಗೋಪುರ, ಬೇಲಿ, ವಿದ್ಯುದಾಗಾರ ಎಲ್ಲವನ್ನೂ ಗುರುತಿಸಿಕೊಂಡ. ರಾತ್ರಿ ಕಾವಲುಗಾರನನ್ನು ಕೊಂದು, ಅವನ ಉಡುಪು ತೊಟ್ಟು, ವಿದ್ಯುತ್ತನ್ನು ಕಡಿದು ಹೊರಟುಬಿಡಬೇಕೆಂದು ಉಪಾಯ ಹೇಳಿದ. ಇನ್ನೊಮ್ಮೆ ಹೀಗಾದರೆ ಹಾಗೆಯೇ ಮಾಡಿರೆಂದು ಗಂಭೀರವಾಗಿ ಬುದ್ಧಿಯನ್ನೂ ಹೇಳಿದ. 1986ರ ಗ್ರಂಥದಲ್ಲಿ ಲೆವಿಯವರೇ ಇದನ್ನು ಬರೆದಿದ್ದಾರೆ.

ತೌಲನಿಕ ಸಾಹಿತ್ಯದ ತರಗತಿಯಲ್ಲಿ ಈ ಪ್ರಸಂಗವನ್ನು ಹೇಳಿದಾಗ ವಿದ್ಯಾರ್ಥಿಗಳು ನಕ್ಕರು. ನಗೆ ಅಡಗಿದ ಮೇಲೆ ಒಬ್ಬ ವಿದ್ಯಾರ್ಥಿನಿ, "ನನಗೂ ಹಾಗೆಯೇ ಅನ್ನಿಸಿತ್ತು, ಸರ್. ನಗು ಬರಲಿಲ್ಲ" ಎಂದಳು.

ಅರುವತ್ತು ಲಕ್ಷ ಯೆಹೂದ್ಯರ ಹತ್ಯೆಯ ಅಂಕಿಅಂಶಗಳನ್ನು ಸಿದ್ಧಮಾಡಿಕೊಂಡು ಬಂದಿದ್ದ ನಾನು ಆ ಹಾಳೆಯನ್ನು ಮಡಿಸಿಟ್ಟೆ. ರನ್ನನ ಗದಾಯುದ್ಧವನ್ನು ವರ್ಷವರ್ಷವೂ ಪಾಠ ಹೇಳಿದವನು ನಾನು. ಅಲ್ಲಿ ವೀರನ ಕೈಯಲ್ಲಿ ಗದೆಯಿದೆ, ಎದುರಿಗೆ ಸಮಬಲನಾದ ವೈರಿಯಿದ್ದಾನೆ. ಆ ಅಳತೆಗೋಲನ್ನೇ ಹಿಡಿದು ಬದುಕುಳಿದವರನ್ನು ಅಳೆಯುವ ಅಭ್ಯಾಸವನ್ನು ಇವರಿಗೆ ಕಲಿಸಿದವನು ನಾನೇ ಅಲ್ಲವೆ?

ಆ ದಿನ ನಾವೆಲ್ಲ ಸೇರಿ ಬಾಲಕನ ನಕ್ಷೆಯನ್ನು ಬೇಲಿಯಾಚೆಗೆ ವಿಸ್ತರಿಸಿದೆವು. ಹಸಿವಿನಿಂದ ಕೃಶವಾದ ದೇಹ, ಬೋಳಿಸಿದ ತಲೆ, ಪಟ್ಟೆಯುಡುಪು, ಮರದ ಅಟ್ಟೆಯ ಪಾದರಕ್ಷೆ, ತೋಳಿನ ಮೇಲೆ ಅಳಿಸಲಾಗದ ಸಂಖ್ಯೆ. ಸುತ್ತಲಿನವರ ಭಾಷೆ ತಿಳಿಯದು. ಒಬ್ಬ ಓಡಿದರೆ ಉಳಿದವರಿಗೆ ಶಿಕ್ಷೆ. ಮರಳಿ ಹೋಗಲು ಎಷ್ಟೋ ಜನರಿಗೆ ಮನೆಯೂ ಇಲ್ಲ, ಮನೆಯವರೂ ಇಲ್ಲ.

ಅದೇ ವಿದ್ಯಾರ್ಥಿನಿ ಎದ್ದು ನಿಂತು, "ಹಾಗಾದರೆ ಹೊರಗೆ ಯಾರಾದರೂ ಬಾಗಿಲು ತೆಗೆಯಬೇಕಿತ್ತು. ನಾವು ಕೇಳಬೇಕಾದದ್ದು ಅವರನ್ನು" ಎಂದಳು.

ನಾನು ಅದಕ್ಕೆ ಏನನ್ನೂ ಸೇರಿಸಲಿಲ್ಲ. ನೊಂದವರನ್ನೇ ಕಟಕಟೆಯಲ್ಲಿ ನಿಲ್ಲಿಸುವ ಪ್ರಶ್ನೆ ಅಷ್ಟು ಹೊತ್ತಿಗೆ ನೆರೆಹೊರೆಯ ಕಡೆಗೆ, ನಮ್ಮ ಕಡೆಗೆ ತಿರುಗಿತ್ತು. ನಿವೃತ್ತನಾಗುವವರೆಗೂ ಈ ಪಾಠವನ್ನು ನಾನು ಮತ್ತೆ ಸಂಖ್ಯೆಗಳಿಂದ ಆರಂಭಿಸಲಿಲ್ಲ. ಆ ಬಾಲಕನ ನಕ್ಷೆಯನ್ನೇ ಮೊದಲು ಹಲಗೆಯ ಮೇಲೆ ಬರೆಯುತ್ತಿದ್ದೆ. ಬೇಲಿಯಾಚೆಗೆ ಒಂದಿಷ್ಟು ಜಾಗ ಬಿಡುತ್ತಿದ್ದೆ.