ಹೋಟೆಲು ಕಾರ್ಮಿಕನೂ ಸ್ವಂತ ಉದ್ಯೋಗವೂ

(ಸಂಘದ ಸರ್ವಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ನಾವು ವಿದ್ವಾಂಸರಲ್ಲ. ಏಳನೆಯ ತರಗತಿ ಮುಗಿಸಿದ ಬೇಸಿಗೆಯಲ್ಲಿಯೇ ಕುಂದಾಪುರದ ಕಡೆಯಿಂದ ಬಸ್ಸು ಹತ್ತಿ ಈ ಹೈದರಾಬಾದಿಗೆ ಬಂದು, ಗ್ಲಾಸು ತೊಳೆದು, ಟೇಬಲು ಒರೆಸಿ, ಸಪ್ಲಯರ್ ಆಗಿ, ಆಮೇಲೆ ಸಂಘದ ಕೆಲಸಕ್ಕೆ ಬಿದ್ದವರು. ಆದುದರಿಂದ ದೊಡ್ಡ ಮಾತು ನಮ್ಮಿಂದ ಬಾರದು. ಈ ಹೊತ್ತು ಸಭೆಯ ಮುಂದಿರುವ ಪ್ರಶ್ನೆ ಒಂದೇ. ಸ್ವಂತ ಉದ್ಯೋಗ ಹೂಡಬಯಸುವ ಸದಸ್ಯರಿಗೆ ಲೆಕ್ಕಪತ್ರ ಕಲಿಸುವ ತರಗತಿಯೊಂದನ್ನು ಸಂಘದ ನಿಧಿಯಿಂದ ನಡೆಸಬೇಕೇ, ಬೇಡವೇ? ನಮ್ಮ ಹಿರಿಯ ಅಡಿಗೆಭಟ್ಟರೊಬ್ಬರು ಹೋದ ಸಭೆಯಲ್ಲಿ ನೇರವಾಗಿಯೇ ಕೇಳಿದರು: "ಅಲ್ಲ ಮಾರಾಯ್ರೆ, ಕೆಲಸಗಾರರನ್ನು ಧಣಿಗಳನ್ನಾಗಿ ಮಾಡುವುದು ಕಾರ್ಮಿಕ ಸಂಘದ ಕೆಲಸವೇ?" ಆ ಪ್ರಶ್ನೆಯನ್ನು ತಳ್ಳಿಹಾಕಲಾಗದು. ಉತ್ತರ ಕೊಡುವ ಮೊದಲು ನಾಲ್ಕು ಕಡೆಯ ಸಂಗತಿಗಳನ್ನು ನಿಮ್ಮ ಮುಂದಿಡುತ್ತೇವೆ.

ಮೊದಲು ಯುರೋಪಿನದು. 2015ರಲ್ಲಿ ಸಿರಿಯಾ, ಅಫಘಾನಿಸ್ತಾನ ಮುಂತಾದ ದೇಶಗಳಿಂದ ಹತ್ತು ಲಕ್ಷಕ್ಕೂ ಮೇಲ್ಪಟ್ಟ ಜನ ಜೀವ ಉಳಿಸಿಕೊಂಡು ಅಲ್ಲಿಗೆ ಹೋದರು. ತನ್ನ ಊರಿನಲ್ಲಿ ಬೇಕರಿ ಇಟ್ಟಿದ್ದವನು ಅಲ್ಲಿ ಹೋಗಿ ಪಾತ್ರೆ ತೊಳೆದ. ಭಾಷೆ ಬಾರದು, ಕಾನೂನು ತಿಳಿಯದು, ಬ್ಯಾಂಕಿನವರು ನಂಬರು. ಇದು ನಮಗೆ ಹೊಸ ಕಥೆಯೇನಲ್ಲ. ಅಲ್ಲಿಯ ಕಾಲೇಜುಗಳೂ ವರ್ತಕರ ಮಂಡಳಿಗಳೂ ಸೇವಾಸಂಸ್ಥೆಗಳೂ ದೇಶದೇಶಗಳ ಗಡಿ ದಾಟಿ ಕೈಜೋಡಿಸಿ, ಐರೋಪ್ಯ ಒಕ್ಕೂಟದ ಹಣದಿಂದ ಇಂಥವರಿಗೆ ವ್ಯಾಪಾರ ಕಲಿಸುವ ಯೋಜನೆಗಳನ್ನು ನಡೆಸುತ್ತ ಬಂದಿವೆ. ಪ್ಯಾರಿಸಿನಲ್ಲಿ 2012ರಲ್ಲಿ ಹುಟ್ಟಿದ ಸಿಂಗಾ ಎಂಬ ಸಂಸ್ಥೆ ಹೊರಗಿನಿಂದ ಬಂದವರನ್ನೂ ಊರವರನ್ನೂ ಒಟ್ಟಿಗೆ ಕೂರಿಸಿ ಉದ್ಯೋಗ ಹೂಡಿಸುತ್ತದೆ. ಇದಕ್ಕೆ 'ಇನ್‌ಕ್ಯುಬೇಶನ್' ಎನ್ನುತ್ತಾರೆ. ಹೆದರಬೇಡಿ, ಕೋಳಿ ಮೊಟ್ಟೆಯ ಮೇಲೆ ಕುಳಿತು ಕಾವು ಕೊಡುವುದಕ್ಕೆ ಇಂಗ್ಲಿಷಿನಲ್ಲಿರುವ ಹೆಸರೇ ಅದು.

ಇನ್ನೊಂದು ಯೋಜನೆ 2009ರಿಂದ ಇದೆ. ಹೊಸದಾಗಿ ಉದ್ಯೋಗ ಹೂಡುವವನು ಬೇರೆ ದೇಶದ ನುರಿತ ಉದ್ಯಮಿಯ ಬಳಿ ಒಂದರಿಂದ ಆರು ತಿಂಗಳು ಇದ್ದು ಕಲಿಯಬಹುದು. ಹೋಗಿ ಇರುವ ಖರ್ಚಿಗೆ ಒಕ್ಕೂಟ ನೆರವು ಕೊಡುತ್ತದೆ. ಇದನ್ನು ತಿಳಿದಾಗ ನಮಗೆ ನಗು ಬಂತು. ಉಡುಪಿ, ಕುಂದಾಪುರ, ಕಾರ್ಕಳದ ಹುಡುಗರು ನೂರು ವರ್ಷದಿಂದ ಮಾಡಿದ್ದು ಇದನ್ನೇ ಅಲ್ಲವೇ? ಪರವೂರಿಗೆ ಹೋಗಿ ನುರಿತವನ ಒಲೆಯ ಮುಂದೆ ನಿಂತು ಕಲಿಯುವುದು! ಆದರೆ ಅಲ್ಲಿಯ ಕಾಗದದಲ್ಲಿ ಹೆಚ್ಚೆಂದರೆ ಆರು ತಿಂಗಳು ಎಂದು ಬರೆದಿದೆ. ನಮ್ಮಲ್ಲಿ ಅವಧಿ ಬರೆದವರಿಲ್ಲ. ಇಪ್ಪತ್ತು ವರ್ಷ ಕಲಿತರೂ ಮಾಣಿ ಮಾಣಿಯೇ.

ಹಾಗಾದರೆ ಕಲಿಯದೆ ಉಳಿದದ್ದೇನು? ಅಡಿಗೆ ನಮಗೆ ಬರುತ್ತದೆ. ಗಿರಾಕಿಯ ಮುಖ ನೋಡಿ ಅವನಿಗೆ ಕಾಫಿ ಬೇಕೋ ಚಹ ಬೇಕೋ ಹೇಳಬಲ್ಲೆವು. ಗಲ್ಲಾದ ಆಚೆ ಬದಿಯದು ಮಾತ್ರ ನಮಗೆ ತಿಳಿಯದು. ಒಂದು ದೋಸೆಯ ಅಸಲು ಎಷ್ಟು, ಬಾಡಿಗೆಯ ಪಾಲು ಎಷ್ಟು, ಹಾಳಾದ ಹಿಟ್ಟಿನ ಪಾಲು ಎಷ್ಟು ಎಂಬುದನ್ನು ಯಾವ ಧಣಿಯೂ ಕೂರಿಸಿ ಹೇಳಿಕೊಡುವುದಿಲ್ಲ. ನಾವು ದುಡಿದ ಒಂದು ಹೋಟೆಲಿನಲ್ಲಂತೂ ನಮ್ಮ ಸಂಬಳದ ಲೆಕ್ಕವೂ ಧಣಿಯ ಪುಸ್ತಕದಲ್ಲಿ ಮಾತ್ರ ಇತ್ತು. ಊರಿಗೆ ಹೊರಡುವ ದಿನ ಅವರು ಹೇಳಿದ್ದೇ ಮೊತ್ತ, ಕೊಟ್ಟದ್ದೇ ಪಗಾರ. ಲೆಕ್ಕ ಬಾರದವನು ಧಣಿಯಾಗುವುದು ಹಾಗಿರಲಿ, ತನ್ನ ಕೂಲಿಯನ್ನು ಕೇಳಿ ಪಡೆಯಲೂ ಆರ. ನಮ್ಮ ಭಟ್ಟರ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿಯೇ ಇದೆ.

ಇನ್ನು ನಮ್ಮ ಅಕ್ಕಂದಿರ ವಿಷಯ. ಕಲಬುರಗಿ, ಬೀದರ, ರಾಯಚೂರಿನ ಕಡೆಯವರಿಗೆ ಹೈದರಾಬಾದು ಪರವೂರು ಎನ್ನುವುದೇ ಒಂದು ವಿಚಿತ್ರ. 1956ರ ನವೆಂಬರ್ 1ರವರೆಗೆ ಇದೇ ಅವರ ರಾಜಧಾನಿಯಾಗಿತ್ತು. ಕಾಚಿಗುಡದ ನೃಪತುಂಗ ಶಾಲೆ ನೋಡಿದವರಿಗೆ ಆ ನಂಟು ಎಷ್ಟು ಹಳೆಯದೆಂದು ಗೊತ್ತು. ಇಂದು ಅದೇ ಜಿಲ್ಲೆಗಳಿಂದ ಕಟ್ಟಡ ಕೆಲಸಕ್ಕೆ ಬಂದವರ ಮನೆಯ ಹೆಂಗಸರು ಸಂಜೆ ರಸ್ತೆ ಬದಿಯಲ್ಲಿ ಒಲೆ ಹಚ್ಚಿ ಜೋಳದ ರೊಟ್ಟಿ ಬಡಿಯುತ್ತಾರೆ. ಗಿರಾಕಿ ಸಾಲುಗಟ್ಟಿ ನಿಲ್ಲುತ್ತಾರೆ. ಆದರೂ ವರ್ಷ ಕಳೆದರೂ ಒಲೆ ಅದೇ ಕಲ್ಲಿನ ಒಲೆ. ಏಕೆ?

ಲೆಕ್ಕ ಹಾಕಿ ನೋಡೋಣ. ರೊಟ್ಟಿಯ ಅಕ್ಕ ದಿನದ ಸಾಲದವನಿಂದ 10,000 ರೂಪಾಯಿ ತೆಗೆಯುತ್ತಾಳೆ. ಅವನು ಬಡ್ಡಿ ಮೊದಲೇ ಮುರಿದುಕೊಂಡು ಕೈಗೆ 9,000 ಕೊಡುತ್ತಾನೆ. ಅವಳು ದಿನಕ್ಕೆ ನೂರರಂತೆ ನೂರು ದಿನ ಕಟ್ಟುತ್ತಾಳೆ. ನೂರು ದಿನಕ್ಕೆ ಸಾವಿರ ರೂಪಾಯಿ ಬಡ್ಡಿ, ಅದೂ ಅಸಲು ದಿನದಿನಕ್ಕೆ ಕರಗುತ್ತಿರುವಾಗ! ತೀರಿದೊಡನೆ ಮತ್ತೆ ತೆಗೆಯಬೇಕಾಗುತ್ತದೆ. ವರ್ಷವಿಡೀ ಹೀಗೆ ನಡೆದರೆ ಬಡ್ಡಿಯೇ ಮೂರೂವರೆ ಸಾವಿರ ದಾಟುತ್ತದೆ. ಅದೇ 9,000ವನ್ನು ಶೇಕಡ 12ರ ಬಡ್ಡಿಯಂತೆ ವರ್ಷಪೂರ್ತಿ ತೀರಿಸದೆ ಇಟ್ಟುಕೊಂಡರೂ ಆಗುವುದು 1,080 ರೂಪಾಯಿ. ಈ ವ್ಯತ್ಯಾಸವನ್ನು ಅವಳಿಗೆ ಯಾರೂ ಬರೆದು ತೋರಿಸಿಲ್ಲ. ತೋರಿಸಿದರೂ ಬ್ಯಾಂಕಿಗೆ ಹೋಗಲು ಕಾಗದ ಬೇಕು.

ಆ ಕಾಗದ ಸಿಗದ್ದೇನಲ್ಲ. ಬೀದಿ ವ್ಯಾಪಾರಿಗಳ ಕಾನೂನು 2014ರಲ್ಲಿ ಬಂದಿದೆ. 2020ರಲ್ಲಿ ಕೇಂದ್ರ ಸರಕಾರ ಸ್ವನಿಧಿ ಸಾಲ ಆರಂಭಿಸಿತು. 2025ರ ತಿದ್ದುಪಡಿಯಾದ ಮೇಲೆ ಮೊದಲ ಕಂತು 15,000, ತೀರಿಸಿದರೆ 25,000, ಆಮೇಲೆ 50,000. ಅಡವು ಕೇಳುವುದಿಲ್ಲ. ಹೊತ್ತಿಗೆ ಸರಿಯಾಗಿ ಕಟ್ಟಿದರೆ ಬಡ್ಡಿಯಲ್ಲಿ ಶೇಕಡ 7 ಹಿಂದಕ್ಕೆ ಬರುತ್ತದೆ. ಬೇಕಾದದ್ದು ನಗರಸಭೆಯ ವ್ಯಾಪಾರಿ ಗುರುತುಚೀಟಿ ಅಥವಾ ಶಿಫಾರಸು ಪತ್ರ. ಅರ್ಜಿಯಲ್ಲಿ ಏನು ಬರೆಯಬೇಕೆಂದು ತಿಳಿಯದೆ ನಮ್ಮ ಅಕ್ಕಂದಿರು ಕಚೇರಿಯ ಮೆಟ್ಟಿಲಿನಿಂದಲೇ ಹಿಂದಿರುಗುತ್ತಾರೆ.

ಈ ಊರಿನಲ್ಲಿ ಕಾವು ಕೊಡುವ ಮನೆಗಳಿಲ್ಲವೇ? ಇವೆ. 2015ರಲ್ಲಿ ಗಚ್ಚಿಬೌಲಿಯಲ್ಲಿ ಟಿ-ಹಬ್ ಆಯಿತು. ಅದು ಕಂಪ್ಯೂಟರಿನವರ ಜಗತ್ತು, ನಮ್ಮ ಹಿಟ್ಟಿನ ಕೈಗೆ ಅಲ್ಲಿ ಕೆಲಸವಿಲ್ಲ. 2018ರ ಮಾರ್ಚ್ 8ರಂದು ಹೆಂಗಸರಿಗಾಗಿ ವಿ-ಹಬ್ ತೆರೆಯಿತು. ಜರ್ಮನಿ ಸರಕಾರದ ಸಹಕಾರ ಸಂಸ್ಥೆಯಾದ ಜಿ.ಐ.ಝಡ್. ನಮ್ಮ ಕೇಂದ್ರ ಸರಕಾರದ ಕೌಶಲ ಇಲಾಖೆಯೊಡನೆ ಸೇರಿ ನಡೆಸಿದ 'ಹರ್ ಅಂಡ್ ನೌ' ಯೋಜನೆಯಲ್ಲಿ ತೆಲಂಗಾಣದ ಪಾಲಿನ ಕೆಲಸ ಅದರ ಮೂಲಕವೇ ಆಯಿತು. ಸಣ್ಣ ಉದ್ಯೋಗದ ಹೆಂಗಸರಿಗೆ ತಿಂಗಳುಗಟ್ಟಲೆ ತರಬೇತಿ, ಮಾರ್ಗದರ್ಶನ ಕೊಟ್ಟರು. ಆ ಯೋಜನೆಯ ಅವಧಿ ಮುಗಿದಿದೆ. ಒಳ್ಳೆಯ ಕೆಲಸವೇ. ಆದರೆ ಪರದೇಶದ ಯೋಜನೆಗೆ ಆರಂಭ ಇರುವಂತೆ ಮುಕ್ತಾಯದ ತಾರೀಖೂ ಇರುತ್ತದೆ, ನಾವು ಅದನ್ನು ನೆನಪಿಡಬೇಕು.

ಯುರೋಪಿನ ನೆರವು ನಮ್ಮ ಕರಾವಳಿಗೆ ಇಂದು ನಿನ್ನೆಯದಲ್ಲ. 1834ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದರು. ಮತಾಂತರವಾಗಿ ಕುಲಕಸುಬೂ ಮನೆಯೂ ತಪ್ಪಿದವರಿಗೆ ನೇಯ್ಗೆ ಕಲಿಸಿದರು, ಅಚ್ಚುಕೂಟ ತೆರೆದರು, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದರು. ಶಾಲೆಯ ಜೊತೆಗೆ ಕಸುಬು ಎಂಬ ಪದ್ಧತಿಯನ್ನು ನಮ್ಮ ಜಿಲ್ಲೆ ಅವರಿಂದ ಚೆನ್ನಾಗಿ ಕಂಡಿತು. ಆ ಕಲೆ ಊರಿಗೆ ಹರಡಿ ಬೇರೆಯವರೂ ಹಂಚಿನ ಕಾರ್ಖಾನೆ ಹಾಕಿದರು. ಆದರೆ ಮಿಶನ್ನಿನ ಕಾರ್ಖಾನೆಯ ಒಡೆತನ ಸಮುದ್ರದಾಚೆಯೇ ಉಳಿಯಿತು. 1914ರ ಯುದ್ಧ ಬಂದಾಗ ಅದು ಆ ಕೈಯಿಂದ ಜಾರಿದರೂ ಮಗ್ಗದ ಮುಂದೆ ಕುಳಿತವನ ಕೈಗೆ ಬರಲಿಲ್ಲ, ಕಾಮನ್‌ವೆಲ್ತ್ ಟ್ರಸ್ಟಿಗೆ ಹೋಯಿತು.

ಇದರ ಪಕ್ಕದಲ್ಲಿ ಮದರಾಸಿನ ವುಡ್‌ಲ್ಯಾಂಡ್ಸ್ ಕೃಷ್ಣರಾಯರನ್ನು ಇಟ್ಟು ನೋಡಿ. ಕಾರ್ಕಳದ ಕಡೆಯ ಕಡಂದಲೆಯವರು, ಅಡಿಗೆಮನೆಯ ಚಾಕರಿಯಿಂದ ಮೇಲೆ ಬಂದವರು. 1920ರ ದಶಕದಲ್ಲಿ ಅವರ ಧಣಿ ಆಚಾರಪ್ಪನ್ ಬೀದಿಯ ತನ್ನ ಹೋಟೆಲನ್ನು 700 ರೂಪಾಯಿಗೆ, ತಿಂಗಳಿಗೆ 50ರ ಕಂತಿನ ಮೇಲೆ ಇವರಿಗೇ ಬಿಟ್ಟುಕೊಟ್ಟರು. ಕೈಯಲ್ಲಿ ಬಂಡವಾಳವಿಲ್ಲದ ಕೆಲಸಗಾರ ಹದಿನಾಲ್ಕು ಕಂತಿನಲ್ಲಿ ತೀರುವ ಸಾಲದ ಮೇಲೆ ಒಡೆಯನಾದ. 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ಎದ್ದಿತು. ಕೆಲಸ ಕಲಿಸುವುದರ ಜೊತೆಗೆ ಕೀಲಿಕೈಯನ್ನೂ ಕೊಟ್ಟ ಧಣಿ ಎಂಥವನಿರಬೇಕು! ಇಂದು ಅಂಥವರು ಎಷ್ಟು ಮಂದಿ? ನಿಮಗೇ ಗೊತ್ತು.

ಧಣಿಯ ದಯೆ ಕಾಯದೆ ಆದದ್ದೂ ಇದೆ. 1957ರಲ್ಲಿ ಕಾಫಿ ಬೋರ್ಡು ತನ್ನ ಕಾಫಿ ಹೌಸುಗಳನ್ನು ಮುಚ್ಚಹೊರಟು ಕೆಲಸಗಾರರನ್ನು ಮನೆಗೆ ಕಳಿಸಿದಾಗ, ಎ. ಕೆ. ಗೋಪಾಲನ್ ಅವರ ಮುಂದಾಳುತನದಲ್ಲಿ ಸಪ್ಲಯರುಗಳೂ ಅಡಿಗೆಯವರೂ ಸಹಕಾರ ಸಂಘ ಕಟ್ಟಿಕೊಂಡು ತಾವೇ ನಡೆಸತೊಡಗಿದರು. ಅಂಥ ಮೊದಲನೆಯ ಸಂಘ ನಮ್ಮ ಬೆಂಗಳೂರಿನಲ್ಲಿ 1957ರ ಆಗಸ್ಟ್ 19ರಂದು ಆಯಿತು. ಭಟ್ಟರೇ, ಅಲ್ಲಿ ಕಾರ್ಮಿಕ ಧಣಿಯಾದ, ಕಾರ್ಮಿಕನಾಗಿಯೂ ಉಳಿದ. ಆದುದರಿಂದ ನಮ್ಮ ತರಗತಿಯಲ್ಲಿ ಒಬ್ಬನೇ ಬಂಡಿ ಇಡುವುದು ಹೇಗೆಂಬುದರ ಜೊತೆಗೆ ಐದು ಮಂದಿ ಸೇರಿ ಮೆಸ್ಸು ನಡೆಸುವುದು ಹೇಗೆಂಬುದನ್ನೂ ಹೇಳಿಕೊಡಬೇಕೆಂಬುದು ನಮ್ಮ ಅಭಿಪ್ರಾಯ. ಇಲ್ಲಿ ಕಲಿತು ಧಣಿಯಾದವನು ತನ್ನ ಹುಡುಗರಿಗೆ ಸಂಬಳದ ಚೀಟಿ ಕೊಡದಿದ್ದರೆ ಅವನ ಬಾಗಿಲಿಗೆ ಮೊದಲು ಹೋಗುವವರೂ ನಾವೇ. ಇದನ್ನು ಈಗಲೇ ಎಲ್ಲರೆದುರು ಹೇಳಿಬಿಡುತ್ತೇವೆ.

ಹಣ ಎಲ್ಲಿಂದ ಎಂದು ಕೇಳುವಿರಿ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿ ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆ ಕಟ್ಟಿಸಿಕೊಳ್ಳುತ್ತಿತ್ತು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಅದರ ಉಪಾಯ ನಮಗೆ ಈಗಲೂ ಸಾಕು. ದಿನಕ್ಕೆ ನೂರು ರೂಪಾಯಿ ಸಾಲದವನಿಗೆ ಕಟ್ಟಬಲ್ಲ ಕೈ ದಿನಕ್ಕೆ ಇಪ್ಪತ್ತು ರೂಪಾಯಿ ತನ್ನ ಹೆಸರಿನ ಪುಸ್ತಕಕ್ಕೆ ಕಟ್ಟಲಾರದೇ? ತರಗತಿಗೆ ಬರುವ ಪ್ರತಿಯೊಬ್ಬರೂ ಮೊದಲ ದಿನವೇ ಖಾತೆ ತೆರೆಯಬೇಕೆಂಬ ನಿಯಮ ಇಡೋಣ.

ಮುಂಬಯಿಯಲ್ಲಿ ಮೊಗವೀರರು, ಬಿಲ್ಲವರು, ಬಂಟರು ತಮ್ಮ ತಮ್ಮ ಸಂಘಗಳಿಂದ ರಾತ್ರಿಶಾಲೆ ನಡೆಸಿ ಹೋಟೆಲು ಹುಡುಗರನ್ನು ಓದಿಸಿದರು. ಇಲ್ಲಿ ರಾತ್ರಿ ಸಾಗದು, ನಡುರಾತ್ರಿಯವರೆಗೂ ಗಿರಾಕಿ ಬರುವ ಊರು ಇದು. ಊಟದ ಹೊತ್ತು ಮುಗಿದು ಸಂಜೆಯ ತಿಂಡಿಗೆ ಒಲೆ ಹಚ್ಚುವ ನಡುವೆ ಸಿಗುವುದು ಮೂರರಿಂದ ನಾಲ್ಕೂವರೆ. ಆಗ ಹೋಟೆಲಿನವರಿಗೆ ವಾರಕ್ಕೆ ಎರಡು ದಿನ ನಡೆಸೋಣ. ರೊಟ್ಟಿಯ ಅಕ್ಕಂದಿರು ನಾಲ್ಕಕ್ಕೆಲ್ಲ ಹಿಟ್ಟು ನಾದಬೇಕು, ಅವರಿಗೆ ಬೆಳಿಗ್ಗೆ ಹನ್ನೊಂದಕ್ಕೆ ಬೇರೆ ಇಡಬೇಕು, ಮಕ್ಕಳನ್ನು ಕರೆದುಕೊಂಡು ಬಂದರೆ ಬೇಡವೆನ್ನಬಾರದು. ಠರಾವು ಈಗ ಕಾರ್ಯದರ್ಶಿಗಳು ಓದುತ್ತಾರೆ. ಒಪ್ಪುವವರು ಕೈ ಎತ್ತಿ, ಒಪ್ಪದವರು ಎದ್ದು ನಿಂತು ಕಾರಣ ಹೇಳಿ. ಭಟ್ಟರೇ, ಮೊದಲು ನೀವೇ ಮಾತಾಡಿ.