ರಾತ್ರಿ ಆಟಕ್ಕೆ ಪರವಾನಿಗೆ



ಮಕ್ಕಳು ಇನ್ನು ಮನೆಗೆ ಹೋಗಲಿ ಎಂದು ಹಿರಿಯರು ಗದರುವ ಹೊತ್ತೊಂದು ನಮ್ಮ ಕಡೆಯ ಜಾತ್ರೆಗಳಲ್ಲಿ ಇದ್ದೇ ಇರುತ್ತದೆ. ಆಮೇಲೆ ನಡೆಯುವುದು ದೊಡ್ಡವರ ಆಟ. ಎರಡರ್ಥದ ಮಾತು, ಕಣ್ಣು ಹೊಡೆಯುವ ಲಾವಣಿ, ಸೊಂಟ ಕುಣಿಸುವ ಹಾಡು. ಇದನ್ನು ಸವಿಯುವವರೂ ಬಯ್ಯುವವರೂ ಹಲವು ಸಲ ಒಬ್ಬರೇ ಆಗಿರುತ್ತಾರೆ, ಅದು ಬೇರೆ ಮಾತು. ಇಂಥ ಮನರಂಜನೆಗೆ ಸರ್ಕಾರ ಲಗಾಮು ಹಾಕುತ್ತ ಬಂದ ಕಥೆ ಮತ್ತು ಆ ಲಗಾಮು ಯಾರನ್ನು ಹಿಡಿಯಿತು, ಯಾರನ್ನು ಬಿಟ್ಟಿತು ಎಂಬುದು ಇವತ್ತಿನ ವಿಷಯ.

ಕಲಬುರಗಿ ಜಿಲ್ಲೆಯ ನಮ್ಮ ತಾಲೂಕುಗಳಾದ ಆಳಂದ, ಅಫಜಲಪುರ, ಜೇವರ್ಗಿ ಮೂರೂ 1948ರ ಸೆಪ್ಟೆಂಬರ್‌ವರೆಗೆ ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಪಕ್ಕದ ಸೊಲ್ಲಾಪುರ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಜನ ಅತ್ತಿಂದಿತ್ತ ಓಡಾಡುತ್ತಿದ್ದರು, ಕಾನೂನು ಮಾತ್ರ ಗಡಿಯಲ್ಲಿ ನಿಂತುಬಿಡುತ್ತಿತ್ತು. ಸ್ವಾತಂತ್ರ್ಯ ಬಂದ ಹೊಸತರಲ್ಲಿ, ಬಾಳಾಸಾಹೇಬ ಖೇರ್ ಮುಖ್ಯಮಂತ್ರಿಯಾಗಿದ್ದಾಗ, ಮುಂಬಯಿ ಸರ್ಕಾರ ಮರಾಠಿಯ ಜನಪದ ರಂಗಾಟವಾದ ತಮಾಷಾ ಅಶ್ಲೀಲವೆಂದು ನಿಷೇಧ ಹೇರಿತು. ಮುಂದೆ ನಿಷೇಧ ಸಡಿಲವಾಯಿತಾದರೂ ಷರತ್ತು ಉಳಿಯಿತು: ಆಟದ ಮಾತನ್ನು ಮೊದಲು ಪರಿಶೀಲನೆಗೆ ಒಪ್ಪಿಸಬೇಕು. ತಮಾಷಾದ ಜೀವವಿದ್ದದ್ದೇ ಎದುರಿಗೆ ಕುಳಿತ ಜನರನ್ನು ನೋಡಿ ಅಲ್ಲಿಯೇ ಹುಟ್ಟಿಸುವ ಮಾತಿನಲ್ಲಿ. ಅದನ್ನು ಕಾಗದಕ್ಕಿಳಿಸಲು ಬರೆಯಬಲ್ಲವನೊಬ್ಬ ಬೇಕು, ಕಚೇರಿಗೆ ಅಲೆಯಬಲ್ಲವನೊಬ್ಬ ಬೇಕು. ಹೆಸರುವಾಸಿ ತಂಡಗಳಿಗೆ ಇಬ್ಬರೂ ಸಿಕ್ಕರು. ಊರೂರು ತಿರುಗಿ ಹೊಟ್ಟೆ ಹೊರೆಯುವ ತಂಡಕ್ಕೆ ಇವರಿಬ್ಬರ ಖರ್ಚೇ ಭಾರ.

1956ರಲ್ಲಿ ಈ ತಾಲೂಕುಗಳು ಮೈಸೂರು ರಾಜ್ಯಕ್ಕೆ ಬಂದವು. ಆಕ್ಷೇಪಾರ್ಹ ನಾಟಕ ಪ್ರದರ್ಶನ ತಡೆಯಲು ನಮ್ಮ ರಾಜ್ಯದಲ್ಲಿ 1964ರ ಕಾಯ್ದೆಯಿದೆ. ಕಂಪನಿ ನಾಟಕದ ನಾಡಿದು. ರಾಜಣ್ಣ ಜೇವರ್ಗಿಯವರ ‘ಕುಂಟ ಕೋಣ ಮೂಕ ಜಾಣ’ದಿಂದ ಜೇವರ್ಗಿಯ ಹೆಸರು ರಾಜ್ಯವೆಲ್ಲ ಓಡಾಡಿದೆ. ಕಂಪನಿ ನಾಟಕವೆಂದರೆ ಪೋಲಿ ಮಾತು ಎಂದು ಮೂಗು ಮುರಿಯುವವರಿದ್ದಾರೆ. ಎಲ್ಲ ನಾಟಕಕ್ಕೂ ಆ ಮಾತು ಸಲ್ಲದು. ಆದರೆ ಹಾಸ್ಯನಟ ಬಂದಾಗ ಮಾತು ಜಾರುವುದುಂಟು, ಸಿಳ್ಳೆ ಬೀಳುವುದೂ ಉಂಟು.

ಸೋಜಿಗವೆಂದರೆ, ರಾತ್ರಿ ಆಟಕ್ಕೆ ದೊಡ್ಡ ಪೆಟ್ಟು ಕೊಟ್ಟದ್ದು ಅಶ್ಲೀಲತೆಯ ಕಾನೂನಲ್ಲ, ಸದ್ದಿನ ಕಾನೂನು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಚ್ಚುವಂತಿಲ್ಲ. ಮುಚ್ಚಿದ ಸಭಾಂಗಣದ ಒಳಗಾದರೆ ವಿನಾಯಿತಿ. ಹಬ್ಬಹರಿದಿನಕ್ಕೆ ರಾಜ್ಯ ಸರ್ಕಾರ ಮಧ್ಯರಾತ್ರಿವರೆಗೆ ಅನುಮತಿ ಕೊಡಬಹುದು, ಅದೂ ವರ್ಷಕ್ಕೆ 15 ದಿನ ಮೀರದಂತೆ. ನಿದ್ದೆಗೆಟ್ಟ ರೋಗಿಗೆ, ಓದುವ ಹುಡುಗರಿಗೆ ಈ ನಿಯಮ ಬೇಕೇ ಬೇಕು. ಆದರೂ ಲೆಕ್ಕ ನೋಡಿ: ಊಟ ಮುಗಿಸಿ ಜನ ಸೇರುವುದೇ ಹತ್ತರ ಹೊತ್ತಿಗೆ. ತಗಡಿನ ಥಿಯೇಟರಿನ ಕಂಪನಿ, ಬಯಲಿನಲ್ಲಿ ಬೆಳತನಕ ಕುಣಿಯುವ ಮೇಳ ಠಾಣೆಯ ಮುಂದೆ ಕೈಕಟ್ಟಿ ನಿಲ್ಲಬೇಕು. ಗೋಡೆಯುಳ್ಳ ಶ್ರೀಮಂತನಿಗೆ ಆ ಕಷ್ಟವಿಲ್ಲ.

ಗೋಡೆಗೆ ಸಿಕ್ಕ ಈ ರಿಯಾಯಿತಿ ಮುಂಬಯಿಯಲ್ಲಿ ನಕ್ಷತ್ರಕ್ಕೆ ಸಿಕ್ಕಿತು. ನಮ್ಮ ಜನ ಗುಳೆ ಹೋಗುವ ಊರು ಅದು, ಆದ್ದರಿಂದ ಅಲ್ಲಿಯ ಸುದ್ದಿ ನಮಗೆ ದೂರದ್ದಲ್ಲ. 2005ರಲ್ಲಿ ಮಹಾರಾಷ್ಟ್ರದ ಗೃಹಮಂತ್ರಿ ಆರ್.ಆರ್. ಪಾಟೀಲರು ಡ್ಯಾನ್ಸ್ ಬಾರ್‌ಗಳನ್ನು ಮುಚ್ಚಿಸಲು ಹೊರಟರು. ಬಾಂಬೆ ಪೊಲೀಸ್ ಕಾಯ್ದೆಗೆ ಎರಡು ಕಲಮು ಸೇರಿದವು. ಒಂದು, ಬಾರ್‌ಗಳಲ್ಲಿ ನೃತ್ಯ ನಿಷೇಧ. ಇನ್ನೊಂದು, ಮೂರು ನಕ್ಷತ್ರ ಮತ್ತು ಮೇಲ್ಪಟ್ಟ ಹೋಟೆಲುಗಳಿಗೆ, ಸದಸ್ಯರ ಕ್ಲಬ್ಬು ಜಿಮಖಾನಾಗಳಿಗೆ ವಿನಾಯಿತಿ. ಅದೇ ಹಾಡು, ಅದೇ ಕುಣಿತ. ಬಿಲ್ಲು ದೊಡ್ಡದಾದರೆ ಸಂಸ್ಕೃತಿ, ಚಿಕ್ಕದಾದರೆ ಅಶ್ಲೀಲ! ಸುಮಾರು 75,000 ಹೆಂಗಸರು ಕೆಲಸ ಕಳೆದುಕೊಂಡರೆಂಬ ಸಂಖ್ಯೆ ನ್ಯಾಯಾಲಯದ ಮುಂದೆ ಬಂತು. 2006ರಲ್ಲಿ ಮುಂಬಯಿ ಹೈಕೋರ್ಟು ನಿಷೇಧವನ್ನು ರದ್ದು ಮಾಡಿತು, 2013ರ ಜುಲೈನಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ದೊಡ್ಡ ಹೋಟೆಲಿಗೊಂದು, ಸಣ್ಣ ಬಾರಿಗೊಂದು ನ್ಯಾಯ ಸಲ್ಲದು ಎಂಬುದೇ ಆ ತೀರ್ಪಿನ ತಿರುಳುಗಳಲ್ಲೊಂದು.

ಸರ್ಕಾರ ಏನು ಮಾಡಿತು? 2014ರಲ್ಲಿ ಎಲ್ಲರಿಗೂ ನಿಷೇಧ ಹಾಕಿತು. ಅದಕ್ಕೂ ತಡೆ ಬಿದ್ದಾಗ 2016ರಲ್ಲಿ ಹೊಸ ಕಾಯ್ದೆ ತಂದು ಷರತ್ತುಗಳ ಮಾಲೆ ಪೋಣಿಸಿತು. ಶಾಲೆ, ಗುಡಿ, ಮಸೀದಿಯಿಂದ ಒಂದು ಕಿಲೋಮೀಟರು ದೂರವಿರಬೇಕು. ಕುಡಿಯುವ ಕೋಣೆಗೂ ಕುಣಿಯುವ ಕೋಣೆಗೂ ನಡುವೆ ಗೋಡೆ ಬೇಕು. ಎಲ್ಲೆಡೆ ಸಿಸಿಟಿವಿ ಬೇಕು. ಮುಂಬಯಿಯಂಥ ಊರಲ್ಲಿ ಒಂದು ಕಿಲೋಮೀಟರಿನೊಳಗೆ ಗುಡಿಯೋ ಶಾಲೆಯೋ ಇಲ್ಲದ ಜಾಗ ಎಲ್ಲಿದೆ? 2019ರ ಜನವರಿಯಲ್ಲಿ ನ್ಯಾಯಮೂರ್ತಿ ಸಿಕ್ರಿ ಮತ್ತು ಅಶೋಕ ಭೂಷಣ್ ಅವರ ಪೀಠ ಇಂಥ ಹಲವು ಷರತ್ತುಗಳನ್ನು ತೆಗೆದುಹಾಕಿತು. ಸಂಜೆ 6ರಿಂದ ರಾತ್ರಿ 11.30ರ ವೇಳೆ, ನೋಟು ಎರಚಬಾರದೆಂಬ ನಿಯಮ ಉಳಿದವು. ಹೀಗೆ ಹದಿನಾಲ್ಕು ವರ್ಷ ಕೋರ್ಟು ಸುತ್ತುವ ತಾಕತ್ತು ಮಾಲೀಕರ ಸಂಘಕ್ಕಿತ್ತು. ಕುಣಿಯುತ್ತಿದ್ದ ಹೆಂಗಸಿಗೆ ಮುಂದಿನ ತಿಂಗಳ ಬಾಡಿಗೆಯೇ ತೀರ್ಪು.

ನಮ್ಮ ರಾಜ್ಯದ್ದೂ ಅದೇ 2005ರ ಕಥೆ. ಆ ವರ್ಷದ ಆದೇಶದಲ್ಲಿ ಬೆಂಗಳೂರಿನ ಲೈವ್ ಬ್ಯಾಂಡ್, ಕ್ಯಾಬರೆ, ಡಿಸ್ಕೊಥೆಕ್‌ಗಳಿಗೆ ಪರವಾನಿಗೆ ಕಡ್ಡಾಯವಾಯಿತು; 2018ರಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ಸಮ್ಮತಿಸಿತು. ಆ ಆದೇಶ ಬೆಂಗಳೂರು ನಗರಕ್ಕಷ್ಟೇ.

ಈಗ ಆಳಂದದ ಹುಡುಗನಿಗೆ ಬಾರೂ ಬೇಡ, ಜಾತ್ರೆಯೂ ಬೇಡ, ಜೇಬಿನಲ್ಲಿ ಮೊಬೈಲಿದೆ. 2015ರಲ್ಲಿ ಕೇಂದ್ರ ಸರ್ಕಾರ 857 ಅಶ್ಲೀಲ ಜಾಲತಾಣಗಳನ್ನು ತಡೆಯಲು ಹೇಳಿತು, 2018ರಲ್ಲಿ ಮತ್ತೆ 827ನ್ನು. ವಿದೇಶದ ದೊಡ್ಡ ಕಂಪನಿಗಳು ವಿಳಾಸ ಬದಲಿಸಿ ಮರಳಿದವು. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ವಯಸ್ಸಿನ ವರ್ಗೀಕರಣ, ದೂರು ಅಧಿಕಾರಿ ಎಂದೆಲ್ಲ ಕೇಳಿದವು; ವಕೀಲರ ಪಡೆಯೇ ಇರುವ ಜಾಗತಿಕ ಓಟಿಟಿಗಳಿಗೆ ಅದು ಕಷ್ಟವಾಗಲಿಲ್ಲ. 2024ರ ಮಾರ್ಚಿನಲ್ಲಿ 18, 2025ರ ಜುಲೈನಲ್ಲಿ 25 ಓಟಿಟಿಗಳ ಬಾಗಿಲು ಹಾಕಿಸಿದಾಗ ಪಟ್ಟಿಯಲ್ಲಿದ್ದದ್ದು ಬಹುತೇಕ ಇಲ್ಲಿಯ ಸಣ್ಣಪುಟ್ಟ ಆ್ಯಪುಗಳೇ. ಅವು ಉಳಿಯಬೇಕಿತ್ತೆಂದು ನನ್ನ ವಾದವಲ್ಲ. ಅವುಗಳಲ್ಲಿದ್ದ ಎಷ್ಟೋ ಸರಕು ಹೆಣ್ಣನ್ನು ಕೀಳಾಗಿಯೇ ತೋರುತ್ತಿತ್ತು.

ನಿರ್ಬಂಧವೇ ಬೇಡ ಎನ್ನಲು ಈ ಸೀಮೆಯವರಿಗೆ ಬಾಯಿ ಬರುವುದಿಲ್ಲ. ಹೆಣ್ಣುಮಕ್ಕಳಿಗೆ ದೇವರ ಹೆಸರಿನಲ್ಲಿ ಮುತ್ತು ಕಟ್ಟುವುದನ್ನು ಅಪರಾಧವೆಂದು ಸಾರಿದ 1982ರ ದೇವದಾಸಿ ಕಾಯ್ದೆ ಬಾರದಿದ್ದರೆ ಎಷ್ಟು ಮನೆಗಳ ಗತಿ ಏನಾಗುತ್ತಿತ್ತೆಂದು ಕಲಬುರಗಿ, ರಾಯಚೂರು ಕಡೆಯವರಿಗೆ ಹೇಳಿಕೊಡಬೇಕಿಲ್ಲ. ಬಲವಂತ, ಸಾಗಣೆ, ಎಳೆಯರ ಬಳಕೆ ಇವುಗಳ ಮೇಲೆ ಕಾನೂನು ಎಷ್ಟು ಬಿಗಿಯಾದರೂ ಕಡಿಮೆಯೇ. ಆದರೆ ಅಡಿ, ಕಿಲೋಮೀಟರು, ನಕ್ಷತ್ರ, ಶುಲ್ಕಗಳಲ್ಲಿ ಮಾನ ಅಳೆಯುವ ನಿಯಮ ಬೇರೆ ಜಾತಿಯದು. ಅದು ದಂಧೆಯನ್ನು ನಿಲ್ಲಿಸುವುದಿಲ್ಲ. ಸಣ್ಣವನನ್ನು ಕತ್ತಲೆಗೆ ತಳ್ಳುತ್ತದೆ. ಆ ಕತ್ತಲೆಯಲ್ಲಿ ದುಡಿಯುವ ಹೆಂಗಸಿಗೆ ದೂರು ಕೊಡಲು ಠಾಣೆಯ ಬಾಗಿಲೂ ಇರುವುದಿಲ್ಲ.

ಅಶ್ಲೀಲತೆ ತಡೆಯುವ ಹೊಸ ನಿಯಮ ಬಂತೆಂದು ಪತ್ರಿಕೆಯಲ್ಲಿ ಓದಿದಾಗ, ಕೇಳುಗರೇ, ಮುನ್ನುಡಿಯ ಒಳ್ಳೆಯ ಮಾತಿಗೆ ತಲೆದೂಗುವ ಮೊದಲು ಯಾರಿಗೆ ವಿನಾಯಿತಿ, ಎಷ್ಟು ಶುಲ್ಕ ಎಂಬ ಕಲಮುಗಳನ್ನು ಓದಿ ನೋಡಿ.